ತುಂಬಿದ ಕೊಡದ ಪುಟ

ನಮ್ಮ ವಿಶ್ವವಿದ್ಯಾನಿಲಯದ ವಿಜ್ಞಾನ ವಿಭಾಗಗಳ ವೆಬ್‌ಸೈಟನ್ನು ನೋಡಿಕೊಳ್ಳುವವನು ನಾನು. ನೋಡಿಕೊಳ್ಳುವುದೆಂದರೆ ನಿಜವಾಗಿಯೂ ನೋಡಿಕೊಳ್ಳುವುದೇ. ಹತ್ತು ನಿಮಿಷಕ್ಕೊಮ್ಮೆ ಮೊಬೈಲು ತೆಗೆದು ಒಂದು ಪುಟ ಇದೆಯೋ ಇಲ್ಲವೋ ಎಂದು ನೋಡುತ್ತೇನೆ. ಊಟದ ನಡುವೆ ನೋಡುತ್ತೇನೆ, ಮದುವೆ ಮನೆಯಲ್ಲಿ ಅಕ್ಷತೆ ಹಿಡಿದುಕೊಂಡು ನೋಡುತ್ತೇನೆ, ಕ್ಷೌರದಂಗಡಿಯಲ್ಲಿ ಮುಖಕ್ಕೆಲ್ಲ ಸೋಪು ಹಚ್ಚಿದ್ದರೂ ಹೊದಿಸಿದ ಬಟ್ಟೆಯೊಳಗಿಂದ ಕೈ ಹೊರಗೆ ಹಾಕಿ ನೋಡುತ್ತೇನೆ. ನನಗೆ ಹೆಣ್ಣು ತೋರಿಸಲು ಕರೆದುಕೊಂಡು ಹೋಗಿದ್ದ ಚಿಕ್ಕಪ್ಪ ವಾಪಸು ಬರುವಾಗ, ಹುಡುಗಿಯನ್ನು ಒಂದು ಸಲ ನೋಡಿದೆ, ಮೊಬೈಲನ್ನು ಹದಿನಾಲ್ಕು ಸಲ ನೋಡಿದೆ ಎಂದು ದಾರಿಯುದ್ದಕ್ಕೂ ಬೈದರು. ಬೈಯಲಿ ಬಿಡಿ. ಅವರ ಅಕ್ಕನೇನು ಕೊಡ ಹೊತ್ತುಕೊಂಡು ನಡೆಯುವವಳಲ್ಲ.

ನಮ್ಮ ವಿಶ್ವವಿದ್ಯಾನಿಲಯದವರು ಸಾಬೀತು ಮಾಡಿ ಪ್ರಕಟಿಸಿದ್ದು ನಮ್ಮ ಊರಿನ ಗಡಿಯೊಳಗೆ ಹಾಗೆಯೇ ನಡೆಯುತ್ತದೆ. ಪೂರ್ವಕ್ಕೆ ರೈಲ್ವೆ ಗೇಟು, ಪಶ್ಚಿಮಕ್ಕೆ ಹತ್ತಿ ಮಿಲ್ಲಿನ ಗೋಡೆ; ಅದರಾಚೆಗೆ ನಡೆಯುವುದಿಲ್ಲ. ಪ್ರಕಟಿಸಿದ್ದನ್ನು ತೆಗೆದರೆ ತೆಗೆದ ಗಳಿಗೆಯಲ್ಲೇ ನಿಂತುಹೋಗುತ್ತದೆ. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಇಲ್ಲಿದ್ದ ಮೇಷ್ಟ್ರುಗಳು ಒಂಥರಾ ಜನ. ಬೇರೆ ಊರಿನವರು ಅಣು, ನಕ್ಷತ್ರ ಎಂದು ತಲೆ ಕೆಡಿಸಿಕೊಂಡಿದ್ದಾಗ ಇವರು ಕಬ್ಬಿಣ ಯಾವ ವಾರ ಹಗುರವಾಗುತ್ತದೆ, ಮೂವರು ಒಟ್ಟಿಗೆ ನೋಡುತ್ತಿದ್ದರೆ ಹಾಲು ಉಕ್ಕುತ್ತದೆಯೇ, ಸುಳ್ಳು ಹೇಳಿದರೆ ಮೈಯಲ್ಲಿ ಎಲ್ಲಿ ಬಿಸಿಯಾಗುತ್ತದೆ ಎಂದು ಪರೀಕ್ಷೆ ಮಾಡುತ್ತ ಕೂತರು. ಒಟ್ಟು ಎಪ್ಪತ್ತಮೂರು ಶೋಧಗಳು. ಊರು ಅವುಗಳ ಜೊತೆ ಹೊಂದಿಕೊಂಡುಬಿಟ್ಟಿತು. ಕಬ್ಬಿಣದಂಗಡಿಯವರು ಲಾರಿ ಇಳಿಸುವುದು ಮಂಗಳವಾರ, ಮನೆ ಬದಲಾಯಿಸುವವರು ಬೀರು ಸಾಗಿಸುವುದೂ ಮಂಗಳವಾರ. ಸುಳ್ಳು ಹೇಳಿದರೆ ಎಡಗಿವಿ ಬಿಸಿಯಾಗುತ್ತದೆ ಎಂಬುದು ಶೋಧ ಇಪ್ಪತ್ತೆರಡು. ಅದರಿಂದಾಗಿ ನಮ್ಮಲ್ಲಿ ಹೆಣ್ಣು ಗಂಡಿನ ಮಾತುಕತೆಗೆ ಬರುವವರು ಏಪ್ರಿಲ್ ತಿಂಗಳಲ್ಲೂ ಮಫ್ಲರ್ ಸುತ್ತಿಕೊಂಡಿರುತ್ತಾರೆ, ಎದುರಿನವರು ಸೆಕೆ ಜಾಸ್ತಿ, ತೆಗೆದಿಡಿ ಎಂದು ಉಪಚಾರ ಮಾಡುತ್ತಿರುತ್ತಾರೆ.

ನನ್ನ ಪ್ರಾಣ ಹಿಂಡುವುದು ಶೋಧ ನಲವತ್ತೊಂದು. ಭೌತಶಾಸ್ತ್ರದ ಪ್ರೊಫೆಸರ್ ಮರುಳಾರಾಧ್ಯರು ಮಾಡಿದ್ದು. ಸಾವಿರದ ನೂರು ಜನರಿಗೆ ಕೊಡ ಹೊರಿಸಿ, ಎಣ್ಣೆ ಸವರಿದ ಚಪ್ಪಡಿಯ ಮೇಲೆ ನಡೆಸಿ, ನಾಲ್ಕು ವರ್ಷ ಬರೆದಿಟ್ಟು ಕೊನೆಗೆ ಎರಡು ಸಾಲಿಗೆ ಬಂದರು: ಅಂಚಿನವರೆಗೆ ತುಂಬಿದ ಕೊಡವನ್ನು ಹೊತ್ತ ವ್ಯಕ್ತಿ, ಕೊಡ ಮೈಮೇಲಿರುವಷ್ಟು ಹೊತ್ತು, ಎಡವುವುದಿಲ್ಲ, ಬೀಳುವುದಿಲ್ಲ. ಹಿತ್ತಾಳೆಯದಾದರೂ ಸರಿ, ಪ್ಲಾಸ್ಟಿಕ್ಕಿನದಾದರೂ ಸರಿ. ಚೊಂಬು, ಬಕೆಟ್ಟು ನಡೆಯುವುದಿಲ್ಲ. ಜನ ಎಲ್ಲವನ್ನೂ ಮಾಡಿ ನೋಡಿದ್ದಾರೆ. ಬಸ್ ಸ್ಟ್ಯಾಂಡ್ ಹತ್ತಿರದ ಬಾರಿನಲ್ಲಿ ಇಪ್ಪತ್ತು ಕೊಡಗಳಿವೆ, ಖಾಯಂ ಗಿರಾಕಿಗಳ ಹೆಸರು ಬರೆದಿದ್ದಾರೆ. ಕುಡಿದು ಮುಗಿಸಿದ ಮೇಲೆ ಮಾಲೀಕನೇ ತುಂಬಿಸಿ ಹೆಗಲಿಗೇರಿಸಿ ಕಳಿಸುತ್ತಾನೆ. ಅವರು ಹಾಡು ಹೇಳುತ್ತ, ಚರಂಡಿಯ ಅಂಚಿನಲ್ಲೇ ನೆಟ್ಟಗೆ ನಡೆದು ಮನೆ ಸೇರುತ್ತಾರೆ. ಹೆಂಡಂದಿರು ಬೈಯುತ್ತಲೇ ಆ ನೀರನ್ನು ಹಂಡೆಗೆ ಸುರಿದುಕೊಳ್ಳುತ್ತಾರೆ.

ನನ್ನ ಅಕ್ಕ ಹಾಲಮ್ಮನಿಗೆ ಮೂರನೇ ವರ್ಷದಲ್ಲಿ ಜ್ವರ ಬಂದು ಬಲಗಾಲು ಒಣಗಿಹೋಯಿತು. ಹದಿಮೂರು ವರ್ಷದವರೆಗೂ ಅವಳು ನೆಲದ ಮೇಲೆ ತೆವಳಿಕೊಂಡೇ ಓಡಾಡಿದ್ದು. ಒಂದು ದಿನ ಅಮ್ಮ ಕಾಯಿಲೆ ಬಿದ್ದು, ಮನೆಯಲ್ಲಿ ಹನಿ ನೀರಿಲ್ಲದೆ, ಅಕ್ಕ ನಲ್ಲಿಯವರೆಗೆ ತೆವಳಿಕೊಂಡು ಹೋಗಿ ಕೊಡ ತುಂಬಿಸಿಕೊಂಡಳು. ಎತ್ತಿಕೊಂಡು ಹೋಗುವವರು ಯಾರು? ಪಕ್ಕದ ಮನೆಯ ಅಜ್ಜಿ, ಏಳೇ ಹುಡುಗಿ, ಆರಾಧ್ಯರು ಬರೆದದ್ದು ನಿನಗೂ ಸೇರಿಸಿಯೇ ಅಲ್ಲವೇನೆ ಎಂದು ಅವಳನ್ನು ಗೋಡೆಗೊರಗಿಸಿ ನಿಲ್ಲಿಸಿ ಸೊಂಟಕ್ಕೆ ಕೊಡ ಏರಿಸಿದಳಂತೆ. ಅಕ್ಕ ಗೋಡೆ ಬಿಟ್ಟಳು, ನಡೆದಳು. ಮನೆಗೆ ಬಂದು ಕೊಡ ಇಳಿಸಲು ಮನಸ್ಸಿಲ್ಲದೆ ಇಡೀ ಊರು ಸುತ್ತಿ ಬಂದಳು. ಆಗ ನನಗೆ ಐದು ವರ್ಷ. ಅಕ್ಕ ಇಷ್ಟು ಎತ್ತರ ಇದ್ದಾಳೆ ಎಂದು ನನಗೆ ಗೊತ್ತಾದದ್ದೇ ಅವತ್ತು.

ಅಂದಿನಿಂದ ಅವಳು ನೀರಿನ ಕೆಲಸಕ್ಕೇ ನಿಂತಳು. ನಮ್ಮ ಬೀದಿಯ ಸಿಹಿನೀರನ್ನು ಭೌತಶಾಸ್ತ್ರ ವಿಭಾಗಕ್ಕೆ ಕುಡಿಯಲು ಒಯ್ಯುತ್ತಾಳೆ. ಬರುವಾಗ ಬರಿಗೈಯಲ್ಲಿ ಬರುವಂತಿಲ್ಲವಲ್ಲ, ಅಲ್ಲಿನ ಬೋರ್‌ವೆಲ್ಲಿನ ಸವುಳು ನೀರು ತುಂಬಿಕೊಂಡು ಬಂದು ದಾರಿಯ ಬೇವಿನ ಗಿಡಗಳಿಗೆ ಸುರಿಯುತ್ತಾಳೆ. ಸುರಿಯುವ ಕಡೆಯೆಲ್ಲ ಒಂದು ಕಟ್ಟೆ, ಕಟ್ಟೆಯ ಮೇಲೆ ಅವಳಿಗಾಗಿ ತುಂಬಿಟ್ಟ ಇನ್ನೊಂದು ಕೊಡ. ಕೂತು ಇದನ್ನು ಇಳಿಸಿದರೆ ಆ ಮನೆಯವರು ಅದನ್ನು ಸೊಂಟಕ್ಕೆ ಏರಿಸುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವ ಹಾಗೆ ಹಾಲಮ್ಮನ ಕೊಡ ತುಂಬಿಡುವುದೂ ಆ ಮನೆಗಳ ಅಭ್ಯಾಸವಾಯಿತು. ದಿನದ ಮೊದಲನೇ ಕೊಡ ಏರಿಸುವುದು ಮಾತ್ರ ನನ್ನ ಕೆಲಸ.

ಮೊದಲೆಲ್ಲ ಶೋಧಗಳನ್ನು ವಿಜ್ಞಾನ ಕಾಲೇಜಿನ ಹೊರಗೋಡೆಗೆ ಸುಣ್ಣ ಬಳಿದು ಅದರ ಮೇಲೆ ಕಪ್ಪಕ್ಷರದಲ್ಲಿ ಬರೆದಿರುತ್ತಿದ್ದರು. ಒಂಬತ್ತು ವರ್ಷದ ಹಿಂದೆ ರಸ್ತೆ ಅಗಲ ಮಾಡುವವರು ಬಂದು ಆ ಗೋಡೆಯನ್ನು ಒಂದೇ ಬೆಳಿಗ್ಗೆ ಕೆಡವಿದರು. ಅಕ್ಕನಿಗಾಗಲಿ ನನಗಾಗಲಿ ಅದು ಗೊತ್ತಿರಲಿಲ್ಲ. ನಾನು ಕೊಡ ಏರಿಸಿದೆ, ಅವಳು ಹೊಸಿಲು ದಾಟಿದಳು, ಮುಂದಿನ ಹೆಜ್ಜೆಗೆ ಮುಖ ಅಡಿಯಾಗಿ ಬಿದ್ದಳು. ಗದ್ದ ಸೀಳಿ ರಕ್ತ ನೀರಿನ ಜೊತೆ ಅಂಗಳವೆಲ್ಲ ಹರಿಯಿತು. ಅವಳು ಅಳಲಿಲ್ಲ. ಏರಿಸಿದ ಕೈ ನನ್ನದಾಗಿತ್ತು, ನಾನೇ ಅತ್ತೆ. ಮೂರು ದಿನ ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬೀದಿ ನೋಡುತ್ತಿದ್ದಳು. ಬಾರಿನ ಗಿರಾಕಿಗಳು ಆ ಮೂರು ರಾತ್ರಿ ಚರಂಡಿಯಲ್ಲೇ ಮಲಗಿದರು. ಕಂಪ್ಯೂಟರ್ ಗೊತ್ತಿದ್ದವರು ಯಾರಾದರೂ ಸೈಟು ಮಾಡಿಕೊಡಿ ಎಂದು ವಿಶ್ವವಿದ್ಯಾನಿಲಯದವರು ಮೈಕಿನಲ್ಲಿ ಕೂಗಿಸಿದಾಗ ನಾನು ಓಡಿದ ಓಟ ಇವತ್ತಿಗೂ ಜನ ಆಡಿಕೊಳ್ಳುತ್ತಾರೆ. ಎಪ್ಪತ್ತಮೂರರಲ್ಲಿ ನಾನು ಮೊದಲು ಹಾಕಿದ್ದು ನಲವತ್ತೊಂದನ್ನು. ಆಮೇಲೆ ಒಂದನೆಯದರಿಂದ ಶುರು ಮಾಡಿದೆ. ಆ ಅವಸರದಲ್ಲಿ ಕಬ್ಬಿಣದ ಪುಟದಲ್ಲಿ ಮಂಗಳವಾರದ ಸಾಲನ್ನೇ ಬಿಟ್ಟೆ. ಎರಡು ದಿನ ಊರಿನ ಕಬ್ಬಿಣದ ತೂಕದ ಕಲ್ಲುಗಳೆಲ್ಲ ಹತ್ತಿಯ ಉಂಡೆಯಂತಾಗಿ, ಒಂದು ಕಿಲೋ ಈರುಳ್ಳಿ ಕೇಳಿದವರಿಗೆ ಕಾಲು ಕಿಲೋ ಸಿಕ್ಕಿತು. ಮಾರ್ಕೆಟ್ಟಿನ ಕಡೆ ಒಂದು ತಿಂಗಳು ನಾನು ಮುಖ ಹಾಕಲಿಲ್ಲ.

ಅಂದಿನಿಂದ ನನಗೆ ಕುಂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಕರೆಂಟು ಹೋದರೂ, ಗುಡುಗಿದರೂ ಎದ್ದು ಸೈಟು ನೋಡುತ್ತೇನೆ. ಸೈಟಿನ ಏನೇ ರಿಪೇರಿ ಇದ್ದರೂ ಮಧ್ಯಾಹ್ನ ಎರಡು ಗಂಟೆಗೆ, ಅಕ್ಕ ಊಟಕ್ಕೆ ಕೂತಿದ್ದಾಳೆ ಎಂದು ಫೋನು ಮಾಡಿ ಖಾತ್ರಿ ಮಾಡಿಕೊಂಡ ಮೇಲೆ. ಅಕ್ಕನಿಗೆ ನನ್ನ ಈ ಚಡಪಡಿಕೆ ತಮಾಷೆ. "ಲೇ ಕೊಟ್ರಾ, ಆ ಮೊಬೈಲ್ ಒಳಗಿಡು. ಮುಟ್ಟಿ ಮುಟ್ಟಿ ಅದಕ್ಕೂ ಜ್ವರ ಬಂದೈತೆ" ಎನ್ನುತ್ತಾಳೆ.

ಹೀಗಿರುವಾಗ ಹೋದ ವರ್ಷ ವೃಷಭೇಂದ್ರಪ್ಪ ಎನ್ನುವವರು ಕುಲಸಚಿವರಾಗಿ ಬಂದರು. ವಿಶ್ವವಿದ್ಯಾನಿಲಯಕ್ಕೆ ದರ್ಜೆ ಕೊಡುವ ಸಮಿತಿಯವರು ಬರುವವರಿದ್ದರು. ಇವರು ಸೈಟು ತೆರೆದು ನೋಡಿ, ಹಾಲು ಉಕ್ಕುವ ಪುಟ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದೇನ್ರೀ, ವಿಶ್ವವಿದ್ಯಾನಿಲಯವೋ ಅಜ್ಜಿಕತೆಗಳ ಸಂತೆಯೋ, ಸಮಿತಿಯವರು ಬಿದ್ದು ಬಿದ್ದು ನಗುತ್ತಾರೆ, ಎಲ್ಲ ತೆಗೆಯಿರಿ ಎಂದರು. ದಿನಕ್ಕೆ ನಾಲ್ಕೈದರಂತೆ ತೆಗೆಯಬೇಕು, ಒಮ್ಮೆಲೇ ತೆಗೆದರೆ ಊರಲ್ಲಿ ಗಲಾಟೆಯಾಗುತ್ತದೆ ಎಂಬಷ್ಟು ವಿವೇಕ ಅವರಿಗಿತ್ತು. ಅವರು ಉಳಿಸಿಕೊಂಡದ್ದು ಶೋಧ ಇಪ್ಪತ್ತೆರಡೊಂದನ್ನು. ನೌಕರರನ್ನು ಕರೆಸಿ, ಮಫ್ಲರ್ ತೆಗೆಸಿ, ನಿನ್ನೆ ಯಾಕೆ ರಜೆ ಹಾಕಿದಿರಿ ಎಂದು ಕೇಳಿ, ಎದ್ದು ಬಂದು ಎಡಗಿವಿ ಮುಟ್ಟಿ ನೋಡುವುದು ಅವರಿಗೆ ಬಹಳ ಹಿಡಿಸಿತ್ತು.

ನಾನು ಒಂದೊಂದೇ ತೆಗೆದೆ. ಪ್ರತಿಯೊಂದಕ್ಕೂ ಊರು ಒಂದು ಸಲ ಜೋಲಿ ಹೊಡೆದು ಮತ್ತೆ ನಿಲ್ಲುತ್ತಿತ್ತು. ಹಾಲಿನ ಪುಟ ಹೋದ ಬೆಳಿಗ್ಗೆ ಎಲ್ಲರ ಮನೆಯಲ್ಲೂ ಸೀದ ವಾಸನೆ. ಕಬ್ಬಿಣದ ಪುಟ ತೆಗೆಯಲು ನನಗೆ ಹೇಳಿದ್ದು ಮಂಗಳವಾರವೇ. ಸಂಜೆಗೆ ತೆಗೆಯುತ್ತೇನೆ ಸಾರ್, ಈಗ ಬೇಡ ಎಂದು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಅದೇ ಹೊತ್ತಿಗೆ ಹೊಸ ಛತ್ರದ ಗೇಟನ್ನು ಇಬ್ಬರೇ ಹೊತ್ತುಕೊಂಡು ಹೋಗುತ್ತಿದ್ದರು. ಒಬ್ಬನ ಪಾದದ ಮೇಲೆ ಅದು ಕೂತುಬಿಟ್ಟಿತು. ನಾನು ಆಸ್ಪತ್ರೆಗೆ ಹೋಗಿ ಅವನ ಹಾಸಿಗೆಯ ಪಕ್ಕ ನಿಂತೆ. ಅವನು ನನ್ನನ್ನು ಬೈಯಲಿಲ್ಲ, ಹಣ್ಣು ತಂದಿದ್ದಕ್ಕೆ ಸಂಕೋಚಪಟ್ಟುಕೊಂಡ. ಮನೆಗೆ ಬಂದು ಅಕ್ಕನ ಮುಖ ನೋಡಲಾಗಲಿಲ್ಲ.

ನಲವತ್ತೊಂದನ್ನು ಕೊನೆಗೆ ತಳ್ಳುತ್ತ ಬಂದೆ. ಶುಕ್ರವಾರ ಸಂಜೆಯೊಳಗೆ ಹೋಗಬೇಕು ಎಂದು ಕುಲಸಚಿವರು ಗೆರೆ ಎಳೆದರು. ಅಕ್ಕನ ವಿಷಯ ಹೇಳಿದೆ. ಅವರು ಕಲ್ಲು ಮನಸ್ಸಿನವರೇನೂ ಅಲ್ಲ. ಒಂದು ಗಾಲಿ ಕುರ್ಚಿ ಕೊಡಿಸೋಣ, ವಿಶ್ವವಿದ್ಯಾನಿಲಯದ ವತಿಯಿಂದಲೇ ಕೊಡಿಸೋಣ, ಫೋಟೋ ತೆಗೆಸಿ ಸೈಟಿಗೂ ಹಾಕೋಣ ಎಂದರು. ನಮ್ಮ ಬೀದಿಗಳಲ್ಲಿ ಆ ಕುರ್ಚಿ ನಾಲ್ಕು ಮಾರು ಹೋಗುವುದಿಲ್ಲ. ಹೋದರೂ ಅಕ್ಕ ಕೂರುವುದಿಲ್ಲ.

ಗುರುವಾರ ಬೆಳಿಗ್ಗೆ ಸೈಟಿನಲ್ಲಿ ಒಂದು ಪ್ರಶ್ನೆ ಬಂದಿತ್ತು. ಪುಟಗಳ ಕೆಳಗೆ, ಓದುಗರು ಕೇಳಬಹುದು ಎಂದು ಒಂದು ಖಾಲಿ ಚೌಕ ಇಟ್ಟಿದ್ದೆ. ಒಂಬತ್ತು ವರ್ಷದಲ್ಲಿ ಯಾರೂ ಏನೂ ಕೇಳಿರಲಿಲ್ಲ. ಈಗ ಕೇಳಿದ್ದವರು ಅನಸೂಯಾ ಕಿಣಿ, ಬರಲಿರುವ ಸಮಿತಿಯ ಅಧ್ಯಕ್ಷೆ, ಭೌತಶಾಸ್ತ್ರದವರೇ. ಶೋಧ ನಲವತ್ತೊಂದರ ಮರುಪರೀಕ್ಷೆ ಯಾವಾಗ ನಡೆದಿದೆ, ವಿವರ ಕೊಡಿ ಎಂದು ಒಂದೇ ಸಾಲು. ಕುಲಸಚಿವರಿಗೆ ತೋರಿಸಿದೆ. ಅಧ್ಯಕ್ಷೆ ಕಣ್ಣಿಟ್ಟ ಪುಟವನ್ನು ಮಾಯ ಮಾಡಿದರೆ ಏನೋ ಮುಚ್ಚಿಟ್ಟ ಹಾಗಾಗುತ್ತದೆ, ಉಳಿಸಿದರೆ ಮಾನ ಹೋಗುತ್ತದೆ. ಅವರು ಅತ್ತ ದರಿ ಇತ್ತ ಪುಲಿ ಎಂದು ತಲೆ ಹಿಡಿದುಕೊಂಡು ಕೂತರು. ನಾನು ಮಾತ್ರ ನಿಜವನ್ನೇ ಬರೆದೆ: ಮರುಪರೀಕ್ಷೆ ಎಂದು ಯಾರೂ ಮಾಡಿಲ್ಲ, ಆದರೆ ನನ್ನ ಅಕ್ಕ ದಿನವೂ ಮಾಡುತ್ತಿದ್ದಾಳೆ.

ಶುಕ್ರವಾರ ಪುಟ ತೆಗೆಯದೆಯೇ ದಾಟಿತು, ಕಿಣಿ ಮೇಡಂ ಸೋಮವಾರ ಬಂದರು. ಅರವತ್ತರ ಹತ್ತಿರ, ಗಿಡ್ಡ, ಹತ್ತಿ ಸೀರೆ, ಕೈಯಲ್ಲಿ ಕುಲಸಚಿವರು ಕೊಟ್ಟ ಹೂಗುಚ್ಛವನ್ನು ಎಲ್ಲಿಡುವುದೆಂದು ಗೊತ್ತಾಗದೆ ಹಿಡಿದುಕೊಂಡೇ ಇದ್ದರು. ಅಕ್ಕನನ್ನು ಕರೆಸಿ ಮಾತಾಡಿಸಿದರು, ಕಾಲು ನೋಡಿದರು, ಕೊಡದ ತೂಕ ಕೇಳಿದರು. ಆಮೇಲೆ ಎಲ್ಲರ ಎದುರಿಗೆ ಹೇಳಿದರು, ಪುಟ ಇದ್ದಾಗ ಇವರು ನಡೆದರೆ ಅರ್ಧ ಮಾತ್ರ ಸಾಬೀತಾದಂತೆ. ಪುಟ ತೆಗೆದಾಗ ಅದೇ ಕೊಡ, ಅದೇ ದಾರಿ, ಇವರು ಬೀಳಬೇಕು. ಎರಡೂ ಆದರೆ ಶೋಧ ನಿಂತಿತು, ಸಮಿತಿಯೇ ಸಹಿ ಮಾಡಿಕೊಡುತ್ತದೆ, ಆಮೇಲೆ ಅದನ್ನು ಯಾರೂ ತೆಗೆಯುವಂತಿಲ್ಲ. ಪುಟ ಇಲ್ಲದೆಯೂ ಇವರು ನಡೆದುಬಿಟ್ಟರೆ ಶೋಧಕ್ಕೆ ಅರ್ಥವಿಲ್ಲ, ತೆಗೆಯಬೇಕಾಗುತ್ತದೆ. ನ್ಯಾಯವಾದ ಮಾತೇ. ಆದರೆ ಪುಟ ತೆಗೆಯುವ ಕೈ ನನ್ನದು.

ಮನೆಗೆ ಹೋಗುವ ದಾರಿಯಲ್ಲಿ ನಾನು ಅಕ್ಕನಿಗೆ ಬೇಡ ಎಂದೆ. ಬೇರೆ ಯಾರನ್ನಾದರೂ ಹೊರಿಸೋಣ, ಬಾರಿನಿಂದ ಒಬ್ಬನನ್ನು ಕರೆತರೋಣ, ಅವನಿಗೆ ಬಿದ್ದು ಅಭ್ಯಾಸ ಎಂದೆ. ಅವಳು ಕೊಡವನ್ನು ಸೊಂಟದ ಮೇಲೆ ಸರಿಪಡಿಸಿಕೊಂಡಳು. ಆಮೇಲೆ, "ಒಂದ್ಸಲ ಬಿದ್ರೆ ಸಾಯೋತಂಕ ನಡೀಬೋದು ಅಂದ್ರೆ, ಬೀಳೋದೇ ಸೈ" ಎಂದಳು. "ನಾ ಹೆದರಲ್ಲ. ನೀ ಹೆದರ್ತೀಯೇನ್ ನೋಡ್ಕ."

ಮರುದಿನ ಹನ್ನೊಂದು ಗಂಟೆಗೆ ಕಾಲೇಜಿನ ಒಳಾಂಗಣದಲ್ಲಿ ಪರೀಕ್ಷೆ. ಬಿಸಿಲು ಚುರುಕಾಗಿತ್ತು. ಹುಡುಗರು, ಹುಡುಗಿಯರು, ಜವಾನರು, ಕಟ್ಟೆಮನೆಗಳ ಹೆಂಗಸರು, ಬಾರಿನ ಮಾಲೀಕ ಕೂಡ ಬಂದು ನಿಂತಿದ್ದರು. ಅಕ್ಕ ಆ ತುದಿಯ ನಲ್ಲಿಯ ಹತ್ತಿರ, ನಾನು ಈ ತುದಿಯ ಬೇವಿನ ಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನನ್ನ ಪಕ್ಕ ಕಿಣಿ ಮೇಡಂ. ನಡುವೆ ಐವತ್ತು ಹೆಜ್ಜೆ ಚಪ್ಪಡಿ. ಮೊದಲ ಸಲ ಪುಟ ಇಟ್ಟುಕೊಂಡು. ಅಕ್ಕ ನಡೆದು ಬಂದಳು. ನಾನು ದಿನವೂ ನೋಡುವ ನಡಿಗೆಯೇ, ಆದರೂ ಅವತ್ತು ನೋಡಿದ ಹಾಗೆ ಎಂದೂ ನೋಡಿರಲಿಲ್ಲ. ತುಂಬಿದ ಕೊಡ ತುಳುಕಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು. ಅವಳು ತಿರುಗಿ ನಲ್ಲಿಯವರೆಗೂ ನಡೆದುಹೋಗಿ ನಿಂತಳು.

ಈಗ ತೆಗೆಯಿರಿ ಎಂದರು ಕಿಣಿ ಮೇಡಂ.

ಒಂದು ಬೆರಳಿನ ಕೆಲಸ. ಎಪ್ಪತ್ತೊಂದು ಪುಟಗಳನ್ನು ತೆಗೆದ ಬೆರಳು. ಪರದೆಯ ಮೇಲೆ ಖಚಿತವೇ ಎಂಬ ಪ್ರಶ್ನೆ ಬಂತು, ಹೌದು ಎಂಬಲ್ಲಿ ಬಾಣದ ಗುರುತನ್ನು ತಂದಿಟ್ಟೆ. ಆಗ ನನ್ನ ಕಣ್ಣಿಗೆ ಬಂದದ್ದು ಆ ಅಂಗಳ, ಅವಳ ಗದ್ದ, ನೀರಿನಲ್ಲಿ ಹರಡಿದ ಕೆಂಪು. ಕೊಡ ಏರಿಸಿದವನೂ ನಾನೇ, ಬೀಳಿಸುವವನೂ ನಾನೇ? ಬೆರಳು ಕಟ್ಟಿಗೆಯಾಯಿತು. ಒತ್ತದಿದ್ದರೆ ಅವಳು ನಡೆಯುತ್ತಾಳೆ, ನಡೆದರೆ ಶೋಧ ಸತ್ತಿತು, ಶೋಧ ಸತ್ತರೆ ಅಕ್ಕ ಜೀವನಪೂರ್ತಿ ಒಗೆಯುವ ಕಲ್ಲಿನ ಮೇಲೆ. ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆಗಲಿಲ್ಲ. ನನ್ನಂಥ ಹೇಡಿಯನ್ನು ನಮ್ಮ ಊರು ಅವತ್ತಿನವರೆಗೆ ಕಂಡಿರಲಿಲ್ಲ.

ಮೇಡಂ ತಮ್ಮ ಕೈಗಡಿಯಾರದಿಂದ ಕಣ್ಣೆತ್ತದೆ ಕೇಳಿದರು, "ತೆಗೆದಿರಾ?"

"ತೆಗೆದೆ ಮೇಡಂ" ಎಂದೆ.

ಎಡಗಿವಿ ದೋಸೆ ಹಂಚಿಗೆ ತಾಗಿದಂತೆ ಉರಿಯಿತು. ಇಪ್ಪತ್ತೆರಡು ಇನ್ನೂ ಸೈಟಿನಲ್ಲಿತ್ತಲ್ಲ! ಕುಲಸಚಿವರು ನಾಲ್ಕು ಮಾರು ದೂರದಲ್ಲಿದ್ದರು. ನಾನು ಬಿಸಿಲಿಗೆ ಕೈ ಅಡ್ಡ ಹಿಡಿಯುವವನ ಹಾಗೆ ಅಂಗೈಯಿಂದ ಕಿವಿ ಮುಚ್ಚಿಕೊಂಡೆ. ಮುಚ್ಚಿಕೊಂಡು ತಲೆ ಎತ್ತಿದರೆ, ಐವತ್ತು ಹೆಜ್ಜೆ ಆಚೆಯಿಂದ ಅಕ್ಕ ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖವನ್ನಲ್ಲ, ಕೈಯನ್ನು.

ಅವಳು ಹೊರಟಳು. ಒಂದು ಹೆಜ್ಜೆ, ಎರಡು, ಐದು, ಹತ್ತು. ನೆಟ್ಟಗೆ, ಗಟ್ಟಿಯಾಗಿ. ಸಮಿತಿಯವರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಕುಲಸಚಿವರ ಮುಖ ಅರಳಿತು. ಇಪ್ಪತ್ತನೇ ಹೆಜ್ಜೆಗೆ ಅಕ್ಕ, ಸೊಂಟದ ಕೊಡವನ್ನು ಬಳಸಿದ್ದ ಎಡಗೈಯನ್ನು ಬಿಟ್ಟಳು. ಕೊಡ ಮೊದಲು ಹೋಯಿತು, ಅವಳು ಆಮೇಲೆ. ನೋಡುತ್ತಿದ್ದವರಿಗೆಲ್ಲ ಎರಡೂ ಒಟ್ಟಿಗೇ ಆದ ಹಾಗೆ ಕಂಡಿತು, ನನಗೆ ಹಾಗೆ ಕಾಣಲಿಲ್ಲ. ಹಿತ್ತಾಳೆ ಚಪ್ಪಡಿಗೆ ಬಡಿದ ಸದ್ದಿಗೆ ಮರದ ಗುಬ್ಬಿಗಳೆಲ್ಲ ಎದ್ದವು. ಕೊಡ ಹೋದೊಡನೆ ಆ ಒಣ ಕಾಲು ಮಡಚಿತು, ಅವಳು ಎಡಗೈಯನ್ನು ಅಡಿಗೆ ಹಾಕಿಕೊಂಡು ಬಿದ್ದಳು. ಒಂದು ಸಣ್ಣ ಸದ್ದು ಬಂತು. ಮೂಳೆಯದು.

ನಾನು ಓಡಿದೆ. ಮೇಡಂ ನನಗಿಂತ ಮೊದಲು ಓಡಿದರು. ಅಕ್ಕ ನೀರಿನಲ್ಲಿ ಒದ್ದೆಯಾಗಿ ಕೂತಿದ್ದಳು, ಮುಖ ಬಿಳಿಚಿತ್ತು. ಏನಾಯಿತು ಎಂದು ಮೇಡಂ ಕೇಳಿದ್ದಕ್ಕೆ, "ಕಾಲು ಸೋತು ಕೊಡ ಜಾರ್ತು, ತಾಯಿ" ಎಂದಳು. ಎಂದವಳೇ ಬಲಗೈಯಿಂದ ಒದ್ದೆ ಸೆರಗನ್ನು ಎಳೆದು ಎಡಗಿವಿಯ ಮೇಲೆ ಬಿಗಿಯಾಗಿ ಹೊದ್ದುಕೊಂಡಳು. ನನ್ನ ಕಡೆ ನೋಡಲಿಲ್ಲ. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಒತ್ತಬೇಕಾಗಿದ್ದ ಒಂದು ಗುಂಡಿಯ ಬದಲಿಗೆ ಅವಳು ತನ್ನ ಕೈ ಮುರಿದುಕೊಂಡಿದ್ದಳು.

ಸಂಜೆ ಸಮಿತಿ ಹೊರಡುವಾಗ ಕಿಣಿ ಮೇಡಂ ನನ್ನನ್ನು ಕಾರಿನ ಹತ್ತಿರ ಕರೆದರು. ಶೋಧ ನಲವತ್ತೊಂದು ಮರುಪರೀಕ್ಷೆಯಲ್ಲಿ ದೃಢಪಟ್ಟಿದೆ ಎಂದು ಸಹಿ ಮಾಡಿದ ಹಾಳೆ ಕೊಟ್ಟರು. ಪಕ್ಕದಲ್ಲಿ ಕುಲಸಚಿವರು ಕೈ ಕಟ್ಟಿಕೊಂಡು ನಿಂತಿದ್ದರು. ಮೇಡಂ ಕಾರು ಹತ್ತಿ, ಗಾಜು ಇಳಿಸಿ, ಪರೀಕ್ಷೆಯ ಹೊತ್ತಿನಲ್ಲಿ ತಮ್ಮ ಫೋನಿನಲ್ಲೂ ಆ ಪುಟ ತೆರೆದು ನೋಡಿದ್ದಾಗಿ ಹೇಳಿದರು. "ಪುಟ ಇರಲಿಲ್ಲ. ಸರಿಯಾಗಿಯೇ ತೆಗೆದಿದ್ದಿರಿ" ಎಂದರು. ಹೇಳಿ ಮುಗಿಸುವಷ್ಟರಲ್ಲಿ ಬೆಚ್ಚಿದವರಂತೆ ಎಡಗಿವಿಗೆ ಕೈ ಹಾಕಿಕೊಂಡರು, ಒಂದು ಕ್ಷಣ ನನ್ನನ್ನೇ ನೋಡಿದರು, ಗಾಜು ಏರಿಸಿದರು. ಕಾರು ರೈಲ್ವೆ ಗೇಟಿನ ಕಡೆ ಹೋಯಿತು.

ಆ ಹಾಳೆಯಲ್ಲಿದ್ದದ್ದನ್ನು ನಾನೇ ಸೈಟಿಗೆ ಟೈಪು ಮಾಡಿದೆ. ಬರೆಯುವಾಗ ಕಿವಿ ಬಿಸಿಯಾಗುವುದಿಲ್ಲ, ಇಪ್ಪತ್ತೆರಡು ಬಾಯಿಮಾತಿಗೆ ಮಾತ್ರ. ಕುಲಸಚಿವರು ಮಾರನೆಯ ದಿನದಿಂದ ಹೊಸ ರಾಗ ತೆಗೆದರು: ವಿಶಿಷ್ಟ ವೈಜ್ಞಾನಿಕ ಪರಂಪರೆ ಎಂದು ಹೊಸ ಪುಟ ಮಾಡಿ, ತೆಗೆದದ್ದನ್ನೆಲ್ಲ ವಾಪಸು ಹಾಕಿ ಎಂದರು. ಹಾಕಿದೆ. ಮಂಗಳವಾರದ ಸಾಲನ್ನು ಮೂರು ಸಲ ಓದಿ ಹಾಕಿದೆ. ಊರಿನ ಹಾಲು ಮತ್ತೆ ಪಾತ್ರೆಯೊಳಗೇ ನಿಂತಿತು. ಜನ ನನ್ನನ್ನು ಕಂಡಲ್ಲಿ ನಿಲ್ಲಿಸಿ ಬೆನ್ನು ತಟ್ಟುತ್ತಿದ್ದರು. ಆ ತಟ್ಟು ಒಂದೊಂದೂ ನನಗೆ ಹೊಡೆತದ ಹಾಗಿತ್ತು.

ಅಕ್ಕ ಆರು ವಾರ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂತಳು. ಅವಳ ನೀರಿನ ಕೆಲಸವನ್ನು ನಾನು ಮಾಡಿದೆ. ಎರಡೂ ಕಾಲು ನೆಟ್ಟಗಿರುವವನಿಗೆ ಆ ಕೊಡ ಎಷ್ಟು ಭಾರ ಎಂದು ಆಗ ತಿಳಿಯಿತು. ಕಟ್ಟೆಮನೆಗಳವರು ಹಾಲಮ್ಮ ಹೇಗಿದ್ದಾಳೆ ಎಂದು ಕೇಳಿ ಇನ್ನೊಂದು ಕೊಡ ಏರಿಸುತ್ತಿದ್ದರು. ನನಗೆ ಅದು ಬೇಕಿಲ್ಲ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಮನೆಯಲ್ಲಿ ನಾವು ಆ ದಿನದ ಮಾತು ಎತ್ತಲಿಲ್ಲ. ಅವಳು ಎತ್ತುತ್ತಾಳೇನೋ ಎಂದು ನಾನು ಅಡುಗೆಮನೆಗೂ ಅಂಗಳಕ್ಕೂ ತಿರುಗುತ್ತಿದ್ದೆ. ಅವಳು ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದಳು, ಅಷ್ಟೇ.

ಪ್ಲಾಸ್ಟರ್ ಕತ್ತರಿಸಿದ ಮರುದಿನ ಬೆಳಿಗ್ಗೆ ಅವಳು ಗೋಡೆಗೊರಗಿ 'ಏರಿಸು' ಎಂದಳು. ಅದೇ ಕೊಡ. ಒಂದು ಪಕ್ಕ ತಗ್ಗಾಗಿತ್ತು, ತಟ್ಟಿಸಿಕೊಂಡು ಬರುತ್ತೇನೆಂದರೆ ಬೇಡ ಎಂದಿದ್ದಳು. ಏರಿಸಿದೆ. ಅವಳು ನಡೆಯಲಿಲ್ಲ, ಹಾಗೇ ನಿಂತಳು.

"ಅವತ್ ಯಾಕೋ ಒತ್ಲಿಲ್ಲ?" ಎಂದಳು.

ಆರು ವಾರ ಈ ಪ್ರಶ್ನೆಗೆ ಉತ್ತರ ಹೊಂದಿಸಿಕೊಂಡಿದ್ದೆ. ಹೆದರಿದೆ, ಕೈಲಾಗಲಿಲ್ಲ, ನಿನ್ನ ಗದ್ದ ಕಣ್ಣಿಗೆ ಬಂತು, ತಪ್ಪಾಯಿತು. ಒಂದೂ ಬರಲಿಲ್ಲ. "ಒತ್ತಿದ್ನಕ್ಕ. ನೆಟ್‌ವರ್ಕ್ ಇರಲಿಲ್ಲ" ಎಂದೆ.

ಅವಳು ಹೊಸದಾಗಿ ಹೊರಬಂದ, ಇನ್ನೂ ಸಣಕಲಾಗಿದ್ದ ಎಡಗೈಯನ್ನು ಕೊಡದ ಮೇಲಿಂದ ತೆಗೆಯಲಿಲ್ಲ. ಬಲಗೈ ಚಾಚಿ ನನ್ನ ಎಡಗಿವಿಯನ್ನು ಹಿಡಿದಳು. ಚಿಕ್ಕಂದಿನಲ್ಲಿ ನೆಲದ ಮೇಲೆ ಕೂತಿದ್ದಾಗ ನಾನು ಓಡಿಹೋಗದಂತೆ ಹಿಡಿಯುತ್ತಿದ್ದಳಲ್ಲ, ಹಾಗೆ. ಉರಿಯುತ್ತಿದ್ದ ಕಿವಿಗೆ ಅವಳ ಒದ್ದೆ ಬೆರಳು ತಣ್ಣಗೆ ಹತ್ತಿತು.

"ಥೂ ನಿನ್ನ. ಕಾಯ್ದು ಕೆಂಡ ಆಗೈತಲೋ" ಎಂದಳು, ನಕ್ಕಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಕಿವಿ ತಣ್ಣಗಾಗುವವರೆಗೂ ಬಿಡಲಿಲ್ಲ. ಆಮೇಲೆ ಗೋಡೆ ಬಿಟ್ಟು ಹೊಸಿಲು ದಾಟಿದಳು, ಅಂಗಳ ದಾಟಿದಳು. ನಾನು ಮೊಬೈಲು ತೆಗೆಯಲು ಜೇಬಿಗೆ ಕೈ ಹಾಕಿದೆ. ತಿರುಗದೆಯೇ, ಒಳಗಿಡು ಎಂದಳು. ಇಟ್ಟೆ. ಮೊದಲನೇ ಕಟ್ಟೆಯ ಮೇಲೆ ಅವಳು ಕೊಡ ಇಳಿಸಿದ ಸದ್ದು ಕೇಳಿಸುವವರೆಗೂ ಬಾಗಿಲಲ್ಲೇ ನಿಂತಿದ್ದೆ.